ನಂದಿಯ ಹಾದಿಯಲ್ಲಿ ಬಣ್ಣದ ಹಳ್ಳಿ

ಬಳ್ಳಾರಿ ರಸ್ತೆ ಹಿಡಿದು ಬೆಂಗಳೂರಿನಿಂದ ಹೊರಟವರಿಗೆ ಮೊದಲು ಎದುರಾಗುವುದು ಹೆಬ್ಬಾಳದ ಕೆರೆ, ಆಮೇಲೆ ಯಲಹಂಕ. ಮಂಜಿಲ್ಲದ ಮುಂಜಾನೆಯಲ್ಲಿ ಅದರಾಚೆಯ ಬಯಲಿನಿಂದ ನಂದಿಬೆಟ್ಟ ಉತ್ತರ ದಿಗಂತದಲ್ಲಿ ನೀಲಿಯಾಗಿ ಮೂಡುತ್ತದೆ. ಕೆರೆ, ಬಯಲು, ದೂರದ ಬೆಟ್ಟ: ಚಿತ್ರಕಾರನಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು?

ಹದಿನೆಂಟನೆಯ ಶತಮಾನದ ಕೊನೆಗೆ ಮೈಸೂರು ಸೀಮೆಗೆ ಬಂದ ಆಂಗ್ಲರ ಕಣ್ಣನ್ನೂ ಇಂಥ ನೋಟಗಳೇ ಸೆಳೆದವು. ಫಿರಂಗಿ ದಳದ ಲೆಫ್ಟಿನೆಂಟ್ ಜೇಮ್ಸ್ ಹಂಟರ್ ಬೆಂಗಳೂರನ್ನೂ ಸುತ್ತಣ ಸ್ಥಳಗಳನ್ನೂ ನೀರ್ಬಣ್ಣದಲ್ಲಿ ಬರೆದ. ಆತ 1792ರಲ್ಲಿ ತೀರಿಕೊಂಡ. ಆತನ 40 ಚಿತ್ರಗಳು 1805ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಹೊರಬಂದವು. ರಾಬರ್ಟ್ ಹೋಮ್ ನಂದಿದುರ್ಗವನ್ನು ಚಿತ್ರಿಸಿದ. ಆತನ ಸಂಪುಟ 1794ರಲ್ಲಿ ಪ್ರಕಟವಾಯಿತು.

ವಿಲಿಯಂ ಗಿಲ್ಪಿನ್ ಮೊದಲಾದವರು ಇಂಗ್ಲೆಂಡಿನಲ್ಲಿ ಹಬ್ಬಿಸಿದ್ದ ಆ ಕಾಲದ ಅಭಿರುಚಿಗೆ ಒಂದು ಕಟ್ಟಳೆಯಿತ್ತು. ಮುಂದೆ ನೆರಳಿನ ಮರ, ನಡುವೆ ಬೆಳಕು ಬಿದ್ದ ನೀರು, ಹಿಂದೆ ಮಸುಕಾದ ಬೆಟ್ಟ. ದನಗಾಹಿಯೂ ನೀರು ಹೊರುವವಳೂ ದೃಶ್ಯದ ಅಳತೆ ತಿಳಿಸುವ ಪುಟ್ಟ ಆಕೃತಿಗಳು ಮಾತ್ರ. ಅವರ ಬೆವರು ಅಲ್ಲಿ ಕಾಣದು. ಹೆಸರಂತೂ ಇಲ್ಲವೇ ಇಲ್ಲ.

ಆದರೆ ಅದೇ ವರ್ಷಗಳಲ್ಲಿ ಈ ಸೀಮೆ ಕಂಡದ್ದೇನು? 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರು ಕೋಟೆಯನ್ನು ಹಿಡಿದು, ಉತ್ತರಕ್ಕೆ ದೇವನಹಳ್ಳಿಯ ಕಡೆ ನಡೆಯಿತು. ಅಕ್ಟೋಬರಿನಲ್ಲಿ ನಂದಿದುರ್ಗ ಬಿದ್ದಿತು. ಆ ಯುದ್ಧದಲ್ಲಿ ಮೇವಿಲ್ಲದೆ ಸೈನ್ಯದ ಎತ್ತುಗಳು ಸಾವಿರಗಟ್ಟಲೆ ಸತ್ತವು. ದಂಡಿನ ಎತ್ತಿಗೇ ಹುಲ್ಲು ದೊರೆಯದಿದ್ದಾಗ ರೈತನ ಕೊಟ್ಟಿಗೆಯ ಗತಿ ಏನಾಗಿರಬೇಕು! ರಮ್ಯವಾಗಿ ತೋರುವ ಕೆರೆಯಾದರೂ ಪ್ರಕೃತಿಯ ಕೊಡುಗೆಯಲ್ಲ. ಮಣ್ಣು ಹೊತ್ತು ಏರಿ ಕಟ್ಟಿದ, ಹೂಳೆತ್ತಿ ಕಾಪಾಡಿದ ಕೈಗಳ ಕೆಲಸ.

ಈ ಊರು ತನ್ನ ಚಿತ್ರವನ್ನು ತಾನೇ ಬರೆದುಕೊಂಡದ್ದು ಬೇರೆ ಬಗೆಯಲ್ಲಿ. 2018ರಲ್ಲಿ ಹೆಬ್ಬಾಳದಲ್ಲಿ ಮೋರಿಗಾಗಿ ಅಗೆಯುವಾಗ ಒಂದು ವೀರಗಲ್ಲು ಹೊರಬಂದಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ರಾಷ್ಟ್ರಕೂಟರ ದಾಳಿಯಲ್ಲಿ ಕಾದಿ ಮಡಿದ ಕಿತ್ತಯ್ಯನ ಹೆಸರು ಅದರಲ್ಲಿದೆ. ಅಲ್ಲಿ ಮರದ ನೆರಳಿಲ್ಲ, ನೀಲಿ ಬೆಟ್ಟವಿಲ್ಲ. ಊರು ಮರೆಯಲೊಲ್ಲದ ಒಬ್ಬ ಮನುಷ್ಯನಿದ್ದಾನೆ.

2008ರಿಂದೀಚೆಗೆ ಈ ಹಾದಿ ವಿಮಾನ ನಿಲ್ದಾಣದ ಹಾದಿ. ಕೆರೆಯನ್ನು ಮೇಲ್ಸೇತುವೆಯಿಂದ ಕ್ಷಣಮಾತ್ರ ಕಾಣುತ್ತೇವೆ. ನಮ್ಮ ಮನೆಯ ಕ್ಯಾಲೆಂಡರುಗಳಲ್ಲಿಯೂ ಹಂಟರನ ಕಾಲದ ಅದೇ ನೆಮ್ಮದಿಯ ಹಳ್ಳಿ ತೂಗುತ್ತಿದೆ. ಅದರ ಚೆಲುವನ್ನು ಮೆಚ್ಚಲು ಯಾವ ಅಡ್ಡಿಯೂ ಇಲ್ಲ. ಮಕ್ಕಳಿಗೆ ಆ ಚಿತ್ರವನ್ನು ತೋರಿಸುವಾಗ, ಆ ಪುಟ್ಟ ಆಕೃತಿಗಳಿಗೂ ಹೆಸರುಗಳಿದ್ದುವೆಂದು ಹೇಳಿದರೆ ಸಾಕು.