ಎಂಟು ಹುಡುಗರು ಬೇಕು

ಮಗಳ ಮನೆ ಅಮೆರಿಕದ ನೆಬ್ರಾಸ್ಕಾದಲ್ಲಿದೆ. ಅಲ್ಲಿಗೆ ಹೋಗಿದ್ದಾಗ ಒಂದು ಶುಕ್ರವಾರ ಸಂಜೆ ಅಳಿಯ ನನ್ನನ್ನು ಮುಸುಕಿನ ಜೋಳದ ಹೊಲಗಳ ನಡುವಿನ ಪುಟ್ಟ ಊರಿಗೆ, ಹೈಸ್ಕೂಲ್ ಫುಟ್‌ಬಾಲ್ ನೋಡಲು ಕರೆದುಕೊಂಡು ಹೋದರು.

ಮಕ್ಕಳೇ, ಇದು ನಮ್ಮ ಕಾಲ್ಚೆಂಡಲ್ಲ; ಚೆಂಡನ್ನು ಎದೆಗವಚಿಕೊಂಡು ಓಡುವ ಆಟ. ತಂಡಕ್ಕೆ 11 ಮಂದಿ. ಮಕ್ಕಳು ಕಡಿಮೆಯಿರುವ ಶಾಲೆಗಳು 8 ಮಂದಿಯಲ್ಲೇ ಆಡುತ್ತವೆ. ಮೈದಾನವೂ 100 ಗಜದ ಬದಲು 80 ಗಜ. 1934ರಲ್ಲಿ ಇದೇ ರಾಜ್ಯದ ಹೆಬ್ರಾನ್‌ನಲ್ಲಿ 6 ಮಂದಿಯ ಆಟವೂ ಶುರುವಾಗಿತ್ತಂತೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಎಣಿಸುವ ಚಟ. ಊರಿನ ತಂಡದಲ್ಲಿದ್ದವರು 13 ಹುಡುಗರು. ನೋಡಲು ಬಂದವರ ಲೆಕ್ಕ ಇನ್ನೂರು ದಾಟಿದ ಮೇಲೆ ತಪ್ಪಿತು. ಪಕ್ಕದಲ್ಲಿದ್ದ ಮುದುಕರಿಗೆ ತಂಡದಲ್ಲಿ ಮೊಮ್ಮಕ್ಕಳಿಲ್ಲ. ಆದರೂ ಒಂದು ಆಟ ತಪ್ಪಿಸುವುದಿಲ್ಲ.

"ಯಂತ್ರ ಬಂದವು, ಹೊಲ ದೊಡ್ಡದಾದವು, ಮನೆಗಳು ಕಡಿಮೆಯಾದವು. ಇವರಲ್ಲಿ ಆರು ಮಂದಿ ಈ ವರ್ಷ ಶಾಲೆ ಮುಗಿಸುತ್ತಾರೆ" ಎಂದರು.

ಉಳಿದದ್ದು ಏಳು. ನಮ್ಮ ಕಬಡ್ಡಿಗೆ ಸಾಕು, ಇದಕ್ಕೆ ಸಾಲದು. ಹೊಸ ಹುಡುಗರು ಬರದಿದ್ದರೆ ಪಕ್ಕದೂರಿನ ಶಾಲೆಯ ಜೊತೆ ಸೇರಿ ಆಡಬೇಕು. ಹಾಗಾದರೆ ಅಂಗಿಯ ಮೇಲೆ ಈ ಊರಿನ ಹೆಸರೊಂದೇ ಇರುವುದಿಲ್ಲ.

ಅಂದು ತಂಡ ಸೋತಿತು. ಹುಡುಗರು ಮೈದಾನ ಬಿಡುವವರೆಗೂ ಯಾರೂ ಏಳಲಿಲ್ಲ. ನಾನೂ ಏಳಲಿಲ್ಲ.