ಕೊಳ್ಳ ಹರಿಯುವ ಹೊತ್ತು

ಬೆಂಗಳೂರಿನಿಂದ ಬಿಜಾಪುರ ಜಿಲ್ಲೆಯ ನಮ್ಮ ದೇವಣಗಾಂವಕ್ಕೆ ಸುಮಾರು 600 ಕಿಲೋಮೀಟರು. ಫೋನಿನೊಳಗಿನ ನಕಾಶೆ ಹನ್ನೊಂದು ತಾಸಿನ ಹಾದಿ ಎನ್ನುತ್ತದೆ. ಆ ನಕಾಶೆಗೆ ಮಕ್ಕಳಿಲ್ಲ. ಐದರ ಮಗಳು, ಮೂರರ ಮಗ, ಇಬ್ಬರ ನಡುವೆ ಸಂಧಾನಕ್ಕೆ ಕೂತ ಹೆಂಡತಿ, ಡಿಕ್ಕಿಯ ತುಂಬ ಗಂಟುಮೂಟೆ. ಇಷ್ಟನ್ನು ಹೇರಿಕೊಂಡು ಎಳ್ಳ ಅಮಾವಾಸ್ಯೆಗೆ ಊರಿಗೆ ಹೊರಟವನು ದಾರಿಯ ಉದ್ದ ನೋಡುವುದಿಲ್ಲ, ಎಲ್ಲೆಲ್ಲಿ ನಿಲ್ಲಬೇಕು ಎಂದು ಲೆಕ್ಕ ಹಾಕುತ್ತಾನೆ.

ಮದುವೆಯಾದ ಹೊಸದರಲ್ಲಿ ನಿಲ್ಲುವುದೆಂದರೆ ಸೋತಂತೆ. ಹಿರಿಯೂರಿನಲ್ಲಿ ಒಂದು ಚಹಾ, ಹೊಸಪೇಟೆಯಲ್ಲಿ ಡೀಸೆಲ್ಲು, ಹೊತ್ತು ಮುಳುಗುವ ಮೊದಲೇ ಸಿಂದಗಿ. ‘ಇಷ್ಟ ತಾಸಿನ್ಯಾಗ ಬಂದು ಮುಟ್ಟೇನಿ ನೋಡು’ ಎಂದು ಕಟ್ಟೆಯ ಮೇಲೆ ಕೂತು ಹೇಳಿಕೊಳ್ಳುವ ಗಂಡಸರ ಸಂಘವೊಂದು ಎಲ್ಲ ಊರಲ್ಲೂ ಇರುತ್ತದಲ್ಲ, ನಾನೂ ಅದರ ಸದಸ್ಯ. ಮಕ್ಕಳು ಹುಟ್ಟಿದ ಮೇಲೆ ಸದಸ್ಯತ್ವ ತಾನಾಗಿಯೇ ರದ್ದಾಯಿತು.

ನಿಲ್ಲುವ ವಿದ್ಯೆಯಲ್ಲಿ ನಮ್ಮ ಮುತ್ಯಾ ಪಂಡಿತ. ಹುಣ್ಣಿಮೆಗೆ ಗಾಣಗಾಪುರಕ್ಕೋ, ಘತ್ತರಗಿ ಭಾಗ್ಯವಂತಿಯ ಜಾತ್ರೆಗೋ ಮನೆಮಂದಿಯನ್ನೆಲ್ಲ ಬಂಡಿಯಲ್ಲಿ ಕರೆದೊಯ್ಯುತ್ತಿದ್ದ ಕಾಲ ಅವನದು. ಈಗಿನ ಸೇತುವೆ ಆಗ ಇರಲಿಲ್ಲ. ಭೀಮೆ ಇಳಿದಿದ್ದರೆ ಬಂಡಿಯನ್ನೇ ಹೊಳೆಗೆ ಇಳಿಸುವುದು, ತುಂಬಿದ್ದರೆ ದೋಣಿಗೆ ಕಾಯುವುದು. ಆಚೆ ದಂಡೆಗೆ ಹತ್ತಿದರೆ ಅಫಜಲಪುರ ತಾಲೂಕು. ತಾಸಿಗೆ ಮೂರ್ನಾಲ್ಕು ಕಿಲೋಮೀಟರು ಸಾಗುವ ಆ ಬಂಡಿಯ ಕೊಳ್ಳ ಎಲ್ಲಿ ಹರಿಯಬೇಕು, ಅಂದರೆ ಎತ್ತುಗಳನ್ನು ಎಲ್ಲಿ ಬಿಚ್ಚಬೇಕು ಎಂದು ಹೊರಡುವ ಮೊದಲೇ ನಿಕ್ಕಿಯಾಗಿರುತ್ತಿತ್ತು. ಬೇವಿನದೋ ಹುಣಸೆಯದೋ ನೆರಳು ಬೇಕು, ಬಗಲಲ್ಲಿ ಬಾವಿ ಇರಬೇಕು, ಎತ್ತುಗಳಿಗೆ ನಾಲ್ಕು ಬಾಯಿ ಮೇವು ಸಿಗಬೇಕು. ಬಿಸಿಲೇರುವ ಮೊದಲು ಒಂದು ಹಂತ, ಇಳಿಹೊತ್ತಿಗೆ ಇನ್ನೊಂದು. ‘ಇಲ್ಲೇ ಯಾಕ ನಿಂತಿ ಮುತ್ಯಾ?’ ಎಂದು ಕೇಳಿದರೆ, ‘ಗಾಡ್ಯಾಗ ಕುಂತವರನ್ನ ಕೇಳಿದ್ರ ನಡಿ ನಡಿ ಅಂತಾರ. ಎತ್ತನ್ನ ಕೇಳಬೇಕೋ ತಮ್ಮಾ’ ಎನ್ನುತ್ತಿದ್ದ. ಎತ್ತಿನ ಆ ಅಧಿಕಾರ ಈಗ ನಮ್ಮ ಗಾಡಿಯಲ್ಲಿ ಮೂರು ವರ್ಷದವನ ಕೈಗೆ ಬಂದಿದೆ.

ದಾರಿ ಕಟ್ಟುವವನೇ ತಂಗುವುದಕ್ಕೂ ಏರ್ಪಾಡು ಮಾಡಬೇಕೆಂದು ತಿಳಿದಿದ್ದ ದೊರೆ ಅಶೋಕ. ದಾರಿಯುದ್ದಕ್ಕೂ ಜನಕ್ಕೂ ದನಕ್ಕೂ ನೆರಳಾಗಲೆಂದು ಆಲ ನೆಡಿಸಿದ್ದನ್ನು, ಮಾವಿನ ತೋಪು ಹಾಕಿಸಿದ್ದನ್ನು, ಬಾವಿ ತೋಡಿಸಿದ್ದನ್ನು ಅವನು ಕಂಬದ ಮೇಲೆ ಕೊರೆಯಿಸಿದ್ದಾನೆ. ಆ ಕಂಬ ಈಗ ದೆಹಲಿಯಲ್ಲಿದೆ. ನಾವು ಊರಿಗೆ ಹೋಗುವ ಹಾದಿಯ ಎಡಬಲಕ್ಕೂ ಅವನ ಬಂಡೆಗಳಿವೆ, ಬಲಕ್ಕೆ ಮೊಳಕಾಲ್ಮುರು ಸೀಮೆಯ ಬ್ರಹ್ಮಗಿರಿ, ಎಡಕ್ಕೆ ಕೊಪ್ಪಳದ ಗವಿಮಠ. ಬ್ರಹ್ಮಗಿರಿಯ ಬಂಡೆಯಲ್ಲಿ ಮರದ ಮಾತಿಲ್ಲ, ತಾಯಿತಂದೆಯ ಮಾತು ಕೇಳಬೇಕು ಎಂದಿದೆ. ಹಿಂದಿನ ಸೀಟಿನವರು ಅದನ್ನಿನ್ನೂ ಓದಿಲ್ಲ.

ಆಮೇಲೆ ಬಂದವರೂ ಸುಮ್ಮನೆ ಕೂರಲಿಲ್ಲ. ಅರವಟ್ಟಿಗೆಗೆ ಬಿಟ್ಟ ದತ್ತಿಗಳು ನಮ್ಮ ಶಾಸನಗಳಲ್ಲಿ ಸಿಗುತ್ತವೆ. ಬ್ರಿಟಿಷರು ತಮ್ಮ ಸಾಹೇಬರಿಗಾಗಿ ಡಾಕ್ ಬಂಗಲೆ ಕಟ್ಟಿಸಿದರು. ಬಿಜಾಪುರದಲ್ಲಿ ಕಟ್ಟಿಸುವ ತೊಂದರೆಯೂ ಬೇಡವೆಂದು ಆದಿಲಶಾಹಿಗಳ ಮಸೀದಿಯೊಂದನ್ನೇ ಬಂಗಲೆ ಮಾಡಿಕೊಂಡಿದ್ದರು. ಅದನ್ನು ಖಾಲಿ ಮಾಡಿಸಿದವನು ಲಾರ್ಡ್ ಕರ್ಜನ್. ವೈಸರಾಯರಂಥ ದೊಡ್ಡವರು ನಮ್ಮ ಜಿಲ್ಲೆಯ ಸಣ್ಣ ವಿಷಯಕ್ಕೆ ತಲೆಹಾಕಿದ ಉದಾಹರಣೆಗಳು ಹೆಚ್ಚಿಲ್ಲ, ಆದ್ದರಿಂದ ಹೇಳಿದೆ.

ಆದರೆ ನನ್ನ ಕಣ್ಣಿಗೆ ಇವೆಲ್ಲಕ್ಕಿಂತ ಚೆನ್ನಾಗಿ ನಿಲ್ಲುವುದನ್ನು ಕಲಿತವರು ಕಾಲ್ನಡಿಗೆಯ ಭಕ್ತರು. ನಮ್ಮೂರ ಮುಂದೆ ಹರಿಯುವ ಭೀಮೆಯೇ ಮೇಲೆ ಪಂಢರಪುರದಲ್ಲಿ ಚಂದ್ರಭಾಗೆ. ಆಳಂದಿಯಿಂದ ಅಲ್ಲಿಗೆ ಹೊರಡುವ ಜ್ಞಾನೇಶ್ವರರ ಪಾಲಖಿ ಕಾರಿನಲ್ಲಿ ಐದಾರು ತಾಸಿನ ಹಾದಿಗೆ ಸುಮಾರು ಮೂರು ವಾರ ತೆಗೆದುಕೊಳ್ಳುತ್ತದೆ. ಮಧ್ಯಾಹ್ನದ ಊಟ ಎಲ್ಲಿ, ಗಳಿಗೆ ಹೊತ್ತಿನ ವಿಸಾವಾ ಎಲ್ಲಿ, ರಾತ್ರಿಯ ಮುಕ್ಕಾಮು ಎಲ್ಲಿ, ಎಲ್ಲವೂ ಮೊದಲೇ ಗೊತ್ತು. ಮುದುಕಿಯರೂ ಅದರಲ್ಲಿ ನಡೆಯುತ್ತಾರೆ. ಹಂತಗಳನ್ನು ಹಾಕಿದ್ದೇ ಅವರ ಕಾಲಿಗೆ ತಕ್ಕಂತೆ. ಇನ್ನು ಯುಗಾದಿಯ ಮುಂದೆ ಶ್ರೀಶೈಲಕ್ಕೆ ಹೊರಡುವ ನಮ್ಮ ಕಡೆಯವರನ್ನು ದಾರಿಯಲ್ಲಿ ನೀವೂ ನೋಡಿರಬಹುದು. ಊರೂರಿಗೂ ಪೆಂಡಾಲು, ರೊಟ್ಟಿ, ಮಜ್ಜಿಗೆ, ಕಲ್ಲಂಗಡಿ ಹೋಳು. ಗುರುತಿಲ್ಲದವರ ಕಾಲಿಗೆ ಎಣ್ಣೆ ತಿಕ್ಕುವವರೂ ಇರುತ್ತಾರೆ. ಟೋಲ್ ಕಟ್ಟಿದ ನನಗೆ ಈವರೆಗೆ ಯಾರೂ ಎಣ್ಣೆ ತಿಕ್ಕಿಲ್ಲ.

ಮೋಟಾರು ದಾರಿಗಳ ಕಾಲದಲ್ಲೂ ಬುದ್ಧಿವಂತರು ಈ ಜಾಡನ್ನೇ ಹಿಡಿದರು. ಇಂಗ್ಲೆಂಡಿನಲ್ಲಿ 1959ರ ನವೆಂಬರ್ 2ರಂದು ಎಂ-1 ಹೆದ್ದಾರಿ ತೆರೆದ ದಿನವೇ ವಾಟ್‌ಫರ್ಡ್ ಗ್ಯಾಪ್‌ನ ತಂಗುದಾಣವೂ ತೆರೆಯಿತು. ಜಪಾನಿನವರು 1993ರಿಂದ ದಾರಿಬದಿಯ ತಂಗುದಾಣಗಳಲ್ಲಿ ಆಯಾ ಊರಿನ ರೈತರ ಸರಕನ್ನೇ ಮಾರುತ್ತಾರೆ. ನಮ್ಮ ಹೆದ್ದಾರಿ ಪ್ರಾಧಿಕಾರವೂ 40ರಿಂದ 60 ಕಿಲೋಮೀಟರಿಗೊಂದು ಸೌಕರ್ಯ ಕೇಂದ್ರ ಮಾಡುವ ಯೋಜನೆ ಹಾಕಿಕೊಂಡಿದೆ. ಆಗಲಿ.

ಕಾಯ್ದೆಯ ಮಾತಿಗೆ ಬಂದರೆ, 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಸ್ಸು ಲಾರಿಗಳ ಚಾಲಕನಿಗೆ ಐದು ತಾಸಿನ ದುಡಿಮೆಯೊಳಗೆ ಅರ್ಧ ತಾಸಾದರೂ ವಿಶ್ರಾಂತಿ ಕೊಡಬೇಕೆನ್ನುತ್ತಿತ್ತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟನ್ನೋ ಮಕ್ಕಳ ಸೀಟನ್ನೋ ಹಾಕದಿದ್ದರೆ 1000 ರೂಪಾಯಿ ದಂಡ. ಸರಿಯಾದ ಕಾಯ್ದೆ, ನಾನು ತಪ್ಪದೆ ಪಾಲಿಸುತ್ತೇನೆ. ಒಟ್ಟಿನಲ್ಲಿ ಮಗುವನ್ನು ಕಟ್ಟಿ ಕೂರಿಸಲು ಕಾಯ್ದೆ ಇದೆ, ಬಿಚ್ಚಿ ಬಿಡಲು ಇಲ್ಲ. ಎರಡು ತಾಸಿಗೊಮ್ಮೆ ಬಿಚ್ಚಿ ಇಳಿಸಬೇಕೆಂಬುದು ವೈದ್ಯರ ಮಾತು; ಹಸುಗೂಸುಗಳಿಗಂತೂ ಅದಕ್ಕಿಂತ ಹೆಚ್ಚು ಹೊತ್ತು ಆ ಸೀಟು ಒಳ್ಳೆಯದಲ್ಲ.

ಆದ್ದರಿಂದ ನಮ್ಮ ಗಾಡಿ ನಸುಕಿನಲ್ಲಿ ಹೊರಡುತ್ತದೆ, ಮಕ್ಕಳು ನಿದ್ದೆಯಲ್ಲಿರುವಾಗಲೇ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಅಲ್ಲಿಂದ ಚಿತ್ರದುರ್ಗದವರೆಗೆ ಹಾಡು, ಗಾಳಿಯಂತ್ರ ಎಣಿಸುವ ಆಟ. ಫೋನು ಕೊಡುವುದಿಲ್ಲ. ಗಾಡಿ ಓಡುತ್ತಿದೆಯೆಂದು ಕಿವಿಯೊಳಗಿನ ತಕ್ಕಡಿ ಹೇಳುತ್ತದೆ, ಪರದೆಗೆ ಅಂಟಿದ ಕಣ್ಣು ಇಲ್ಲವೆನ್ನುತ್ತದೆ. ಈ ಜಗಳ ತೀರುವುದು ಸೀಟಿನ ಮೇಲೆ ವಾಂತಿಯಾದಾಗ. ಎರಡರಿಂದ ಹನ್ನೆರಡು ವರ್ಷದವರಿಗೇ ಇದರ ಕಾಟ ಹೆಚ್ಚು. ಬಾಯಾಡಿಸಲು ಒಣ ಚುರಮುರಿ, ಹಾಲಂತೂ ಬೇಡವೇ ಬೇಡ. ಹೊಸಪೇಟೆಯ ಹತ್ತಿರ ಗುಡ್ಡ ಕೊರೆದ ಸುರಂಗ ಬಂದಾಗ ಇಬ್ಬರೂ ಕಿರುಚಬಹುದು ಎಂಬ ಒಪ್ಪಂದವಿದೆ. ಮಧ್ಯಾಹ್ನ ಕೂಡಲಸಂಗಮ. ನೀರಿನ ನಡುವೆ ಬಾವಿಯೊಳಗೆ ಇಳಿದಂತೆ ಮೆಟ್ಟಿಲಿಳಿದು ಬಸವಣ್ಣನವರ ಐಕ್ಯಸ್ಥಳ ನೋಡುವುದೆಂದರೆ ಮಗಳಿಗೆ ಬಲು ಇಷ್ಟ. ಬಸವನ ಬಾಗೇವಾಡಿ ಅಲ್ಲಿಂದ ದೂರವಿಲ್ಲ. ಅಣ್ಣನ ಕೊನೆಯ ಊರಲ್ಲಿ ಉಂಡು ಹುಟ್ಟಿದ ಊರಿನ ಮೇಲೆ ಹಾಯ್ದು ಸಿಂದಗಿಯ ಕಡೆ ಹೊರಳುತ್ತೇವೆ.

ಮಕ್ಕಳಿಗೆ ನೆನಪಿರುವ ನಿಲುಗಡೆಗಳು ಮಾತ್ರ ನನ್ನ ಪಟ್ಟಿಯಲ್ಲಿ ಇರುವುದಿಲ್ಲ. ಒಮ್ಮೆ ಊರಿಂದ ವಾಪಸು ಬರುವಾಗ ಕುಷ್ಟಗಿ ದಾಟಿದ ಮೇಲೆ ಮಗನಿಗೆ ತಡೆಯಲಾರದ ಅವಸರ. ಪೆಟ್ರೋಲ್ ಬಂಕೊಂದಕ್ಕೆ ಗಾಡಿ ಹೊರಳಿಸಿದರೆ ಪಾಯಖಾನೆಗೆ ಬೀಗ. ‘ಕೀಲಿ ಮ್ಯಾನೇಜರ್ ಕಡೆ ಐತ್ರಿ, ಅವ್ರು ಊಟಕ್ಕ ಹೋಗ್ಯಾರ್ರಿ’ ಎಂದ ಹುಡುಗ. ಬಂಕಿನ ಹಿಂದಿನ ಬೇವಿನ ಗಿಡವೇ ಗತಿಯಾಯಿತು. ಇಳಿದದ್ದಕ್ಕೆ ಅಲ್ಲೇ ಅವ್ವ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದೆವು. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಡಬ್ಬಿ ತುಂಬ ಮಾದ್ಲಿ. ಕುರುಬರ ಅಜ್ಜನೊಬ್ಬ ಕುರಿ ಹೊಡೆದುಕೊಂಡು ಬಂದು ಅದೇ ನೆರಳಿಗೆ ಕೂತ. ಅವನಿಗೂ ಒಂದು ರೊಟ್ಟಿ ಕೊಟ್ಟೆವು. ಅವನು ಹಿಂಡಿಯ ರುಚಿ ನೋಡಿ ‘ಬಿಜಾಪುರದ ಕಡೀದವ್ರೇನ್ರಿ?’ ಎಂದು ಕೇಳಿ, ಒಂದು ಮರಿಯನ್ನೆತ್ತಿ ಮಗನ ತೊಡೆಯ ಮೇಲೆ ಇಟ್ಟ. ಇನ್ನೂ ಹೊಕ್ಕಳ ಬಳ್ಳಿ ಒಣಗದ ಮರಿ. ಮಗಳು ನೆಲಕ್ಕೆ ಬಗ್ಗಿ, ಚೆಲ್ಲಿದ ಶೇಂಗಾ ಚೂರನ್ನು ಇರುವೆಗಳು ಎಳೆದೊಯ್ಯುವುದನ್ನು ಗೂಡಿನ ಬಾಯಿಯವರೆಗೂ ನೋಡಿದಳು. ಗಡಿಯಾರ ನೋಡಿದವನು ನಾನೊಬ್ಬನೇ. ಆಮೇಲೆ ಚಿತ್ರದುರ್ಗದವರೆಗೆ ಹಿಂದಿನ ಸೀಟಿನಿಂದ ಒಂದು ತಕರಾರಿಲ್ಲ. ಗಾಜು, ಎ.ಸಿ., ಬಣ್ಣದ ಕುರ್ಚಿಗಳ ಯಾವ ಫುಡ್‌ಕೋರ್ಟಿನಿಂದಲೂ ಇಷ್ಟು ದೂರದ ಶಾಂತಿ ನಮಗೆ ದಕ್ಕಿಲ್ಲ.

ಹೆದ್ದಾರಿ ಕಟ್ಟುವವರಲ್ಲಿ ಕೇಳುವುದು ಇಷ್ಟೇ. ಹೊಸ ತಂಗುದಾಣಗಳಲ್ಲಿ ಹೋಟೆಲು, ಚಾರ್ಜಿಂಗು, ಲಾರಿಯವರಿಗೆ ಮಲಗುವ ಜಾಗ ಎಲ್ಲ ಇರಲಿ. ಜೊತೆಗೆ ನಾಲ್ಕು ಬೇವಿನ ಗಿಡ, ಬೇಲಿ ಹಾಕಿದ ಒಂದಿಷ್ಟು ಮಣ್ಣಿನ ಅಂಗಳ, ಬೀಗವಿಲ್ಲದ ಪಾಯಖಾನೆ ಇರಲಿ. ಅವು ಬರುವವರೆಗೆ, ಮಕ್ಕಳನ್ನು ಕಟ್ಟಿಕೊಂಡು ನಮ್ಮ ಜಿಲ್ಲೆಗೆ ಬರುವವರಿಗೆ ಒಂದು ಮಾತು. ಕೃಷ್ಣೆ ದಾಟಿದ ಕೂಡಲೇ ‘ಇನ್ನೇನು ಬಂದೇಬಿಟ್ಟಿತು’ ಎಂದು ಒತ್ತಿಕೊಂಡು ಹೋಗಬೇಡಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟು ಅಲ್ಲೇ ಇದೆ, ಅದರ ಮಗ್ಗುಲಿಗೆ ದೊಡ್ಡ ಉದ್ಯಾನಗಳಿವೆ. ಒಂದು ತಾಸು ಮಕ್ಕಳನ್ನು ಬಿಚ್ಚಿ ಬಿಡಿ. ಸಿಂದಗಿಗೆ ಹೊತ್ತು ಮುಳುಗಿದ ಮೇಲೆ ಮುಟ್ಟಿದರೂ ಊಟಕ್ಕೆ ತೊಂದರೆಯಿಲ್ಲ, ನಮ್ಮ ಕಡೆ ರಾತ್ರಿ ಹತ್ತಕ್ಕೂ ರೊಟ್ಟಿ ಬಿಸಿ ಬಡಿದು ಕೊಡುತ್ತಾರೆ.