ಬರೆ ಎಳೆದವರು ಯಾರು?

1973ರ ಜುಲೈ 20ರಂದು ಹಾಂಗ್‌ಕಾಂಗಿನಲ್ಲಿ ಬ್ರೂಸ್ ಲೀ ತೀರಿಕೊಂಡಾಗ ಆತನಿಗೆ 32 ವರ್ಷ. ‘ಎಂಟರ್ ದ ಡ್ರ್ಯಾಗನ್’ ಇನ್ನೂ ತೆರೆ ಕಂಡಿರಲಿಲ್ಲ. ಅದನ್ನೂ ಸೇರಿಸಿ ಕುಂಗ್ ಫೂ ನಾಯಕನಾಗಿ ಆತ ಪೂರ್ಣಗೊಳಿಸಿದ ಚಿತ್ರಗಳು ನಾಲ್ಕೇ ನಾಲ್ಕು. ಬೇಡಿಕೆ ಲೋಕದಷ್ಟು, ಸರಕು ಹಿಡಿಯಷ್ಟು. ಇಂಥ ವೇಳೆ ವ್ಯಾಪಾರಿ ಸುಮ್ಮನಿರುವುದುಂಟೆ? ಹಾಂಗ್‌ಕಾಂಗ್, ತೈವಾನ್, ಕೊರಿಯಾಗಳ ನಿರ್ಮಾಪಕರು ಬ್ರೂಸ್ ಲಿ, ಬ್ರೂಸ್ ಲೆ, ಡ್ರ್ಯಾಗನ್ ಲೀ ಎಂಬ ತದ್ರೂಪಿಗಳನ್ನು ಸಾಲಾಗಿ ನಿಲ್ಲಿಸಿದರು.

ಕಳೆದ ಮಳೆಗಾಲದ ಭಾನುವಾರಗಳನ್ನು ಪುಣೆಯ ನಾವು ಕೆಲವು ಗೆಳೆಯರು ಈ ಚಿತ್ರಗಳಿಗೆ ಮೀಸಲಿಟ್ಟಿದ್ದೆವು. ಕುಳಿತದ್ದು ನಗುವುದಕ್ಕೆ, ನಕ್ಕದ್ದೂ ಹೌದು. 1977ರ ‘ದ ಡ್ರ್ಯಾಗನ್ ಲಿವ್ಸ್ ಅಗೇನ್’ನಲ್ಲಿ ಸತ್ತ ಬ್ರೂಸ್ ಲೀ ಯಮಲೋಕಕ್ಕೆ ಹೋಗುತ್ತಾನೆ, ಅಲ್ಲಿ ಡ್ರಾಕುಲಾ, ಜೇಮ್ಸ್ ಬಾಂಡ್, ಪಾಪಾಯ್ ಎಲ್ಲರೂ ಬೀಡುಬಿಟ್ಟಿದ್ದಾರೆ! ಇನ್ನೊಂದರಲ್ಲಿ ವಿಜ್ಞಾನಿಯೊಬ್ಬ ಮೃತನ ಜೀವಕೋಶದಿಂದ ಮೂವರು ಬ್ರೂಸ್ ಲೀಗಳನ್ನೇ ತಯಾರಿಸುತ್ತಾನೆ. ಮೂವರ ಮುಖಕ್ಕೂ ಒಂದಕ್ಕೊಂದು ಹೋಲಿಕೆಯಿಲ್ಲ.

ನಗು ನಿಂತದ್ದು 1978ರ ‘ಗೇಮ್ ಆಫ್ ಡೆತ್’ ನೋಡುವಾಗ. ಇದು ಬಡ ನಕಲಲ್ಲ. ಲೀ ಅರ್ಧಕ್ಕೆ ಬಿಟ್ಟುಹೋದ ಚಿತ್ರವನ್ನು ‘ಎಂಟರ್ ದ ಡ್ರ್ಯಾಗನ್’ನ ನಿರ್ದೇಶಕ ರಾಬರ್ಟ್ ಕ್ಲೌಸ್ ಅವರೇ ಬದಲಿ ನಟರನ್ನಿಟ್ಟು ಮುಗಿಸಿದ್ದು. ಬದಲಿಯವನ ಕಣ್ಣಿಗೆ ಕಪ್ಪು ಕನ್ನಡಕ. ಒಂದೆಡೆಯಂತೂ ಕನ್ನಡಿಯ ಮೇಲೆ ಲೀಯ ಮುಖದ ಚಿತ್ರವನ್ನು ಕತ್ತರಿಸಿ ಅಂಟಿಸಲಾಗಿದೆ. ಕಥೆಯ ನಾಯಕ ಸತ್ತಂತೆ ನಟಿಸುವ ಭಾಗಕ್ಕೆ ಲೀಯ ನಿಜವಾದ ಅಂತ್ಯಕ್ರಿಯೆಯ ದೃಶ್ಯಗಳನ್ನೇ ಬಳಸಿದ್ದಾರೆ. ಶವಪೆಟ್ಟಿಗೆಯೊಳಗಿನ ಆ ಮುಖವನ್ನು ಕಂಡ ಮೇಲೆ ನಮ್ಮಲ್ಲಿ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಯಮಲೋಕದ ಪಾಪಾಯ್ ಇದಕ್ಕಿಂತ ಎಷ್ಟೋ ಮರ್ಯಾದಸ್ಥನೆಂದು ನಮಗೆ ತೋರಿತು.

ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತೆಂಬ ಗಾದೆ ಇಲ್ಲಿ ಸುಲಭವಾಗಿ ನಾಲಿಗೆಗೆ ಬರುತ್ತದೆ. ಆದರೆ ಈ ನರಿಗಳು ತಾವೇ ಬರೆ ಹಾಕಿಕೊಂಡವೆ? ಬ್ರೂಸ್ ಲಿ ಎನಿಸಿಕೊಂಡ ತೈವಾನಿನ ನಟನ ಹೆಸರು ಹೋ ಚುಂಗ್ ತಾವ್. ಒಳ್ಳೆಯ ಅಂಗಸಾಧನೆಯ ಮನುಷ್ಯ. ಕಾದ ಸಲಾಕೆ ಇದ್ದದ್ದು ಹಂಚಿಕೆದಾರರ ಕೈಯಲ್ಲಿ. ಹೆಸರಿನ ಒಂದಕ್ಷರ ತಿದ್ದಿ ಭಿತ್ತಿಪತ್ರ ಅಚ್ಚು ಹಾಕಿದವರು ಅವರು. ನಮ್ಮ ಗಣೇಶೋತ್ಸವದ ವೇದಿಕೆಗಳಲ್ಲಿ ಜ್ಯೂನಿಯರ್ ವಿಷ್ಣುವರ್ಧನ್ ಬಂದಾಗ ಆತ ಜ್ಯೂನಿಯರ್ ಎಂಬುದು ಮಕ್ಕಳಿಗೂ ಗೊತ್ತು. ಅಲ್ಲಿ ಒಲವಿದೆ, ಮೋಸವಿಲ್ಲ. ಹೋಗೆ ಆ ‘ಜ್ಯೂನಿಯರ್’ ಎಂಬ ಪದದ ಆಸರೆಯೂ ದೊರೆಯಲಿಲ್ಲ.

ಜಾಕಿ ಚಾನ್‌ಗೂ ಇದೇ ಅಂಗಿ ತೊಡಿಸಲು ನೋಡಿದ್ದರು, 1976ರ ‘ನ್ಯೂ ಫಿಸ್ಟ್ ಆಫ್ ಫ್ಯೂರಿ’ಯಲ್ಲಿ. ಅದು ಮೈಗೆ ಕೂಡಲಿಲ್ಲ. ಎರಡು ವರ್ಷದ ನಂತರ ‘ಡ್ರಂಕನ್ ಮಾಸ್ಟರ್’ನಲ್ಲಿ ಪೆಟ್ಟು ತಿಂದು ಮುಖ ಕಿವುಚುವ, ಜನರನ್ನು ನಗಿಸುವ ನಾಯಕನಾಗಿ ಆತ ಬಚಾವಾದ.

ಹೋಗೆ ಅಂಥ ದಾರಿ ತೆರೆಯಲಿಲ್ಲ. ಆದರೂ 1980ರ ದಶಕದ ಆರಂಭದಲ್ಲಿ ಆತ ‘ಚೈನೀಸ್ ಸ್ಟಂಟ್‌ಮನ್’ ಎಂಬ ಚಿತ್ರವನ್ನು ತಾನೇ ನಿರ್ದೇಶಿಸಿದ. ಬೇರೊಬ್ಬರ ಮುಖಕ್ಕೆ ತಮ್ಮ ಮೈಯನ್ನು ಬಾಡಿಗೆ ಕೊಡುವ ಸಾಹಸ ಕಲಾವಿದರ ಲೋಕ ಅದರ ವಸ್ತು. ನಾವಿನ್ನೂ ಅದನ್ನು ನೋಡಬೇಕಾಗಿದೆ.